ಅತ್ತೆಯ ಕಾಲುಚೀಲದ ನೂಲು

ನವೆಂಬರ್ ೧೯, ಮಂಗಳವಾರ

ಇವತ್ತೂ ನೂಲು ಮೂರು ಸಲ ಕಡಿಯಿತು. ಉಣ್ಣೆ ಚೆನ್ನಾಗೇ ಇದೆ, ನನ್ನ ಮನಸ್ಸಿಗೇ ಹದವಿಲ್ಲ.

ಅತ್ತೆಗೆ ಇನ್ನು ಹೆಚ್ಚು ದಿನ ಇಲ್ಲ ಅಂತ ಡಾಕ್ಟರು ಹೇಳಿ ವಾರವಾಯಿತು. ಪಾದ ಎರಡೂ ಮಂಜುಗಡ್ಡೆ. ಅಂಗಡಿಯ ಕಾಲುಚೀಲ ಬೇಡವಂತೆ, ನಾನು ಕೈಯಾರೆ ನೂತದ್ದೇ ಆಗಬೇಕಂತೆ. ನೂಲುವುದನ್ನು ಕಲಿಸಿದವರೂ ಅವರೇ. ಯಾರಿಗಾಗಿ ನೂಲುತ್ತೇವೋ ಅವರಿಗೆ ಎಳೆಗೊಂದು ಒಳ್ಳೆ ಮಾತು ಹೇಳಿ ಹುರಿ ಹಾಕಬೇಕು, ಅದೇ ಆಶೀರ್ವಾದ ಅನ್ನುತ್ತಿದ್ದರು.

ಇಪ್ಪತ್ತೆರಡು ವರ್ಷ ನನ್ನನ್ನು ಹಿಂಡಿ ಹಿಪ್ಪೆ ಮಾಡಿದವರಿಗೆ ಒಳ್ಳೆ ಮಾತು ಎಲ್ಲಿಂದ ತರಲಿ? ಮಂಚದ ಪಕ್ಕ ಕೂತು, ತುಟಿ ಬಿಗಿದು ಕದಿರು ತಿರುಗಿಸುತ್ತಿದ್ದೆ. ಅವರು ಕಣ್ಣು ಬಿಟ್ಟರು.

"ಏನಂತಿದ್ದೀಯ?"

"ನೀವು ಚೆನ್ನಾಗಿರಿ ಅಂತ."

"ಸುಳ್ಳಿ." ನಗಲು ಹೋಗಿ ಕೆಮ್ಮಿದರು. "ನಿನ್ನ ಮದುವೆಗೆ ಶಾಲು ನೂತೆನಲ್ಲ, ಆಗ ನಾನೂ ಏನೂ ಅನ್ನಲಿಲ್ಲ ಕಣೇ. ಬಾಯೇ ಬರಲಿಲ್ಲ."

ಹನ್ನೊಂದೇ ದಿನ ಬದುಕಿದ ನನ್ನ ಮಗಳನ್ನು ಆ ಶಾಲಿನಲ್ಲೇ ಸುತ್ತಿ ಕಳಿಸಿದ್ದು. ನಾನು ನೆನಪಿಸಲಿಲ್ಲ. ಅವರೇ ಮುಖವನ್ನು ಗೋಡೆಗೆ ತಿರುಗಿಸಿದರು.

ಎದ್ದು ಹೋಗಬೇಕೆನಿಸಿತು. ಹೋಗಲಿಲ್ಲ. ಕಡಿದ ಎಳೆ ಸೇರಿಸಿ, ನಾನು ನಿಜವಾಗಿ ಬಯಸಬಲ್ಲ ಒಂದೇ ಮಾತನ್ನು ಅವರಿಗೆ ಕೇಳಿಸುವಂತೆ ಹೇಳಿದೆ.

"ನೋವಿಲ್ಲದೆ ಹೋಗಿ."

"ಹ್ಞೂಂ," ಅಂದರು ಗೋಡೆಯ ಕಡೆಯಿಂದಲೇ. "ಅದನ್ನೇ ಹೇಳ್ತಿರು."

ಹೇಳುತ್ತಲೇ ನೂತೆ, ಅವರಿಗೆ ನಿದ್ದೆ ಬರುವವರೆಗೂ. ಒಂದು ಪಾದಕ್ಕಾಗುವಷ್ಟು ಆಗಿದೆ. ಇನ್ನೊಂದಕ್ಕೆ ಅವರು ಇರುತ್ತಾರೋ ಇಲ್ಲವೋ. ಬೆರಳೆಲ್ಲ ಜೋಮು ಹಿಡಿದಿವೆ, ಇನ್ನು ಬರೆಯಲು ಆಗುತ್ತಿಲ್ಲ.