ಕೆಂಚಿಯ ಎದೆಬಡಿತ

ಮೊಳಕಾಲ್ಮೂರು
೧೭ ನವೆಂಬರ್ ೧೯೦೯

ಚಳ್ಳಕೆರೆಯಲ್ಲಿ ಅಣ್ಣನ ಮನೆ ಸೇರಿಕೊಂಡಿರುವ ಯಜಮಾನರಿಗೆ ಪಾಲಮ್ಮನ ನಮಸ್ಕಾರ.

ಈ ಕಾಗದ ನಾನೇ ಬರೆದದ್ದು, ಯಾರಿಂದಲೂ ಬರೆಸಿಲ್ಲ. ಅಕ್ಷರ ಸೊಟ್ಟಗಿದ್ದರೆ ನಗಬೇಡಿ. ಮನೆಗೆ ಬರಲೇ, ಕೆಂಚಿ ಹೇಗಿದೆ ಎಂದು ಹನುಮಣ್ಣನ ಕೈಲಿ ಕೇಳಿ ಕಳಿಸಿದ್ದಿರಿ. ಮೊದಲು ನಾಯಿಯ ಸಮಾಚಾರ. ಬದುಕಿದೆ. ಬದುಕಿಸಿದ್ದು ನಾನು.

ನೀವು ಜಗಳವಾಡಿ ಹೋದ ಇಪ್ಪತ್ತು ದಿನಕ್ಕೆ ಅದರ ಹೊಟ್ಟೆ ಊದಿತು. ಅತ್ತೆಯವರು ‘ಗಬ್ಬ ಐತೆ ಬಿಡೇ’ ಎಂದು ಗೋಣಿತಟ್ಟು ಹಾಸಿ ಹಾಲನ್ನ ಹಾಕತೊಡಗಿದರು. ಹುಟ್ಟದ ಮರಿಗಳನ್ನು ಬೀದಿಯವರು ಹಂಚಿಕೊಂಡೂ ಆಗಿತ್ತು! ನನಗೆ ಮಾತ್ರ ನಂಬಿಕೆ ಬರಲಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಕುಸಿಯುತ್ತಿತ್ತು, ಒಸಡು ಬಿಳುಚಿತ್ತು. ಎದೆಗೆ ಕಿವಿಯಿಟ್ಟೆ. ಪಕ್ಕದ ಮನೆಯ ಮಗ್ಗ ಗೋಡೆಯಾಚೆಯಿಂದ ಕೇಳಿಸುವ ಹಾಗೆ ಬಡಿತ ಎಲ್ಲೋ ದೂರದಲ್ಲಿತ್ತು. ಮಗ್ಗದ ಸದ್ದಿನಲ್ಲೇ ಬೆಳೆದವಳು ನಾನು, ಸದ್ದು ಕೆಟ್ಟರೆ ತಿಳಿಯದೇ?

ಸರ್ಕಾರದ ಹುಲ್ಲುಗಾವಲಿನ ದನ ನೋಡಲು ಬಂದಿದ್ದ ದನದ ಡಾಕ್ಟರು ಮುರುಗೇಂದ್ರಪ್ಪನವರನ್ನು ದಾರಿಯಲ್ಲೇ ತಡೆದೆ. ಅವರೂ ಹೊಟ್ಟೆಯನ್ನೇ ಒತ್ತಿ ನೋಡುತ್ತಿದ್ದರು. ‘ಹೊಟ್ಟೆ ಬಿಡ್ರಿ ಸ್ವಾಮಿ, ಎದೆ ಕೇಳ್ರಿ’ ಎಂದೆ. ಕಿವಿಯ ನಳಿಗೆಯನ್ನು ಎದೆಗೆ ಇಟ್ಟು ಕೇಳಿದವರ ಮುಖವೇ ಬದಲಾಯಿತು. ಹೃದಯದ ಸುತ್ತ ತೆಳು ಚೀಲವಿರುತ್ತದಂತೆ. ಅದರಲ್ಲಿ ನೀರು ತುಂಬಿ ಹೃದಯ ಅರಳಲು ಜಾಗವಿಲ್ಲ, ಹೊಟ್ಟೆ ಊದಿದ್ದೂ ಅದರಿಂದಲೇ ಎಂದರು. ಸೂಜಿ ಚುಚ್ಚಿ ತೆಗೆಯಬೇಕು, ನಾಯಿ ಅಲುಗಿದರೆ ಸತ್ತೇ ಹೋಗುತ್ತದೆ ಎಂದಾಗ ಸುತ್ತ ನಿಂತಿದ್ದ ಗಂಡಸರೆಲ್ಲ ಹಿಂದೆ ಸರಿದರು. ನಾನು ಹಿಡಿದುಕೊಂಡೆ. ಒಂದು ಲೋಟದಷ್ಟು ರಕ್ತದಂಥ ನೀರು ಬಂತು. ಸ್ವಲ್ಪ ಹೊತ್ತಿಗೆ ಕೆಂಚಿ ತಾನಾಗಿಯೇ ಎದ್ದು ನಿಂತಿತು.

‘ನಿನ್ನ ಕಿವಿ ಇಲ್ದಿದ್ರೆ ನಾಯಿ ಉಳೀತಿರಲಿಲ್ಲ ತಾಯಿ’ ಎಂದರು ಡಾಕ್ಟರು, ಅದೂ ಅತ್ತೆಯವರ ಎದುರಿಗೆ! ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಅವತ್ತು ಊಟವೂ ಸೇರಲಿಲ್ಲ. ಈಗ ಮೇಕೆ ಕೆಮ್ಮಿದರೂ ಬೀದಿಯವರು ನನ್ನ ಬಾಗಿಲಿಗೆ ಹಿಡಿದು ತರುತ್ತಾರೆ.

ಯಾಕೆ ಹೀಗಾಯಿತೆಂದು ಡಾಕ್ಟರನ್ನು ಕೇಳಿದೆ. ಒಳಗೆ ಗಡ್ಡೆ ಬೆಳೆದರೂ ಆಗಬಹುದು, ಎದೆಗೆ ಪೆಟ್ಟು ಬಿದ್ದರೂ ಆಗಬಹುದು, ಕೆಲವು ಸಲ ಕಾರಣವೇ ಸಿಗುವುದಿಲ್ಲ ಎಂದರು. ಪೆಟ್ಟು ಬಿದ್ದಿತ್ತೇ ಎಂದು ಕೇಳಿದರು. ಎತ್ತು ಒದ್ದಿತು ಎಂದೆ. ಹಾಗೆಯೇ ಬರೆದುಕೊಂಡರು. ನೀರು ಮತ್ತೆ ತುಂಬಿದೆಯೇ ನೋಡಲು ಸೋಮವಾರ ಬರುತ್ತಾರೆ.

ನಾಯಿಯನ್ನು ಉಳಿಸಿಕೊಂಡ
ಪಾಲಮ್ಮ

ತಾ.ಕ.: ಮನೆಗೆ ಬರಲೇ ಎಂದಿರಲ್ಲ. ನಮ್ಮ ಮನೆಯಲ್ಲಿ ಎತ್ತೇ ಇಲ್ಲವೆಂದು ನಿಮಗೂ ಗೊತ್ತು. ಜಗಳದ ದಿನ ನೀವು ನನ್ನತ್ತ ಬೀಸಿದ ಕಾಲಿಗೆ ಕೆಂಚಿ ಅಡ್ಡ ಬಂದಿತ್ತು. ಸೋಮವಾರ ಡಾಕ್ಟರ ಮುಂದೆ ಅದನ್ನು ನಿಮ್ಮ ಬಾಯಿಂದಲೇ ಹೇಳುವುದಾದರೆ ಬನ್ನಿ. ಇಲ್ಲವಾದರೆ ನಾನೇ ಹೇಳುತ್ತೇನೆ, ನೀವು ಬರುವುದು ಬೇಡ.