ಗೋಡೆಗೆ ತಂದ ಮರ

ಮನೆ, ಅಡುಗೆಮನೆಯ ಮೇಜು
ಭಾನುವಾರ ಮಧ್ಯಾಹ್ನ

ಮುನಿಸಿಕೊಂಡು ಮಗಳ ಮನೆ ಸೇರಿರುವ ನನ್ನ ಯಜಮಾನರಿಗೆ,

ಪ್ರೀತಿಯ ನಮಸ್ಕಾರ. ಹೇಗಿದ್ದೀರಿ? ಸೊಂಟದ ನೋವು ಕಡಿಮೆಯಾಯಿತೇ? ಕೆಮ್ಮು ನಿಂತಿತೇ, ಇಲ್ಲ ಅಲ್ಲೂ ಕೆಮ್ಮಿ ಕೆಮ್ಮಿ ಮಗಳನ್ನು ಎಬ್ಬಿಸುತ್ತಿದ್ದೀರೋ? ಅಳಿಯಂದಿರ ಮನೆಯ ಬಾಗಿಲುಗಳೆಲ್ಲ ಈಗ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿವೆಯಂತೆ. ಕಿಟಕಿ, ಕಪಾಟು, ಅಲುಗಾಡುತ್ತಿದ್ದ ಊಟದ ಮೇಜು ಎಲ್ಲವನ್ನೂ ರಿಪೇರಿ ಮಾಡಿ ಮುಗಿಸಿದ್ದೀರಂತೆ. ಹಾಗಾದರೆ ಆ ಮನೆಯಲ್ಲಿ ಇನ್ನು ರಿಪೇರಿಗೆ ಉಳಿದಿರುವುದು ನೀವೊಬ್ಬರೇ. ನಾನು ಚೆನ್ನಾಗಿದ್ದೇನೆ. ಒಬ್ಬಳಿಗೇ ಅಡುಗೆ ಮಾಡಿಕೊಳ್ಳುವುದು ಮಾತ್ರ ಬೇಜಾರು. ಉಪ್ಪು ಜಾಸ್ತಿ ಎಂದು ಗೊಣಗುವವರು ಇಲ್ಲದೆ ನನಗೆ ಉಪ್ಪಿನ ಅಂದಾಜೇ ತಪ್ಪಿಹೋಗಿದೆ.

ಫೋನು ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀರಿ. ಬುಧವಾರವೇ ಫೋನು ಮಾಡಿದ್ದೆ. "ಟೈಲರ್ ಮನೇಲಿ" ಎನ್ನುವಷ್ಟರಲ್ಲಿ ನೀವು ಫೋನನ್ನು ಮಗಳ ಕೈಗೆ ದಾಟಿಸಿಬಿಟ್ಟಿರಿ. ಅವಳು ಕೇಳಿಸಿಕೊಂಡು ಅತ್ತಳು. ನಿಮಗೆ ಹೇಳುವ ಧೈರ್ಯ ಸಾಲದೆ, ಅಮ್ಮಾ ನೀನೇ ಬರೆ ಎಂದಳು. ಅವಳ ಮೇಲೆ ರೇಗಬೇಡಿ. ಕಾಗದವನ್ನಾದರೆ ಯಾರ ಕೈಗೂ ದಾಟಿಸಲಾಗದು, ಕನ್ನಡಕ ಹಾಕಿಕೊಂಡು ನೀವೇ ಓದಬೇಕು. ಈಗ ಕೂತುಕೊಳ್ಳಿ. ನಿಂತುಕೊಂಡು ಓದಬೇಡಿ.

ಟೈಲರ್ ಅವರ ಅಮ್ಮ ಹೋಗಿಬಿಟ್ಟರು. ಬುಧವಾರ ಮಧ್ಯಾಹ್ನ ಮಲಗಿದವರು ಏಳಲೇ ಇಲ್ಲ. ನರಳಲಿಲ್ಲ, ಯಾರ ಕೈಯಲ್ಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ನೀವು ಅಳುತ್ತೀರಿ ಎಂದು ನನಗೆ ಗೊತ್ತು, ಅತ್ತುಬಿಡಿ. ನಿಮ್ಮನ್ನು ಮರದ ಮಗ, ಹೆತ್ತ ಮಗನನ್ನು ಬಟ್ಟೆ ಮಗ ಎಂದು ಕರೆದು ಇಬ್ಬರಿಗೂ ಒಂದೇ ತಟ್ಟೆಯಲ್ಲಿ ತಿಂಡಿ ಕೊಟ್ಟು ಕಿತ್ತಾಡಿಸುತ್ತಿದ್ದ ಅಜ್ಜಿ. ನೀವು ಮಾಡಿಕೊಟ್ಟ ಸ್ಟೂಲು ಅವರ ಮಂಚದ ಪಕ್ಕ ಹಾಗೇ ಇದೆ. ಅದರ ಮೇಲೆ ಕೈಯೂರಿ ಏಳದೆ ಅವರಿಗೆ ಬೆಳಗೇ ಆಗುತ್ತಿರಲಿಲ್ಲ.

ನೀವು ಮಗಳ ಊರಿನ ಬಸ್ಸು ಹತ್ತಿದ ಮೇಲೆ ನಾನು ದಿನಾ ಸಂಜೆ ಎರಡನೇ ಮಹಡಿಗೆ ಇಳಿದು ಅವರ ಹತ್ತಿರ ಕೂತು ಬರುತ್ತಿದ್ದೆ. ನಿಮಗೆ ಹೇಳಿರಲಿಲ್ಲ, ಹೇಳಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದಿರಿ. ಒಂದು ದಿನ ಅವರೇ ಮಾತೆತ್ತಿದರು. "ಕಾಲು ನಂದು, ನೋವು ನಂದು. ಜಗಳ ಮಾತ್ರ ಇವರಿಬ್ಬರದು, ಇದ್ಯಾವ ನ್ಯಾಯ?" ಎಂದು ನಕ್ಕರು. ಆಮೇಲೆ ಮರದ ಮಗ ಯಾವಾಗ ಬರ್ತಾನೆ ಎಂದು ಕೇಳಿದರು. ಮುಂದಿನ ವಾರ ಎಂದೆ. ಪ್ರತಿ ವಾರವೂ ಅದನ್ನೇ ಹೇಳಿದೆ, ಅವರೂ ಪ್ರತಿ ಸಲ ನಂಬಿದರು.

ಆ ಜಗಳವನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮ ಕಟ್ಟಡದ ಕೆಳಗಿನ, ಎಲ್ಲರೂ ಸೇರುವ ಹಾಲು ಒಂದೇ, ಪ್ರಾರ್ಥನೆಗೆ ಬರುವವರ ದೇವರುಗಳು ಬೇರೆ ಬೇರೆ. ನಾವು ಚಾಪೆ ಹಾಸಿಕೊಂಡು ಕೂರುವವರು, ಅವರು ಕುರ್ಚಿ ಹಾಕಿಕೊಂಡು ಕೂರುವವರು. ಕಟ್ಟಡದ ಮಕ್ಕಳ ಬಾಯಲ್ಲಿ ಧರ್ಮಗಳ ಹೆಸರೇ ಚಾಪೆಯವರು, ಕುರ್ಚಿಯವರು ಎಂದಾಗಿಬಿಟ್ಟಿದೆ. ಎದ್ದು ಹೋಗುವವರು ಮುಂದೆ ಬರುವವರಿಗಾಗಿ ಹಾಲನ್ನು ಅಣಿಮಾಡಿ ಹೋಗಬೇಕು, ಅವರ ಕುರ್ಚಿ ನಮ್ಮ ಕೈಯಿಂದ, ನಮ್ಮ ಚಾಪೆ ಅವರ ಕೈಯಿಂದ ಎಂಬ ಪದ್ಧತಿ ತಂದವರೇ ನೀವಿಬ್ಬರು. ಅಂಥದ್ದರಲ್ಲಿ ಒಂದು ದಿನ ನಮ್ಮ ಪ್ರಾರ್ಥನೆ ಲಂಬಿಸಿತು, ಕುರ್ಚಿ ಹಾಕದೆ ಎದ್ದು ಬಂದೆವು. ಎಲ್ಲರಿಗಿಂತ ಮೊದಲು ಬಂದ ಅಜ್ಜಿ ನೆಲದ ಮೇಲೆ ಕೂತರು. ಕೂತವರನ್ನು ಎಬ್ಬಿಸಲು ನಾಲ್ಕು ಜನ ಬೇಕಾಯಿತು. "ನಿಮ್ಮವರ ಕಣ್ಣಿಗೆ ಬೇರೆಯವರ ಮನೆ ಮುದುಕರು ಕಾಣಲ್ವಾ?" ಎಂದರು ಟೈಲರ್. "ನಿಮ್ಮವರಿಗೆ ಗಡಿಯಾರಾನೇ ದೇವರು" ಎಂದಿರಿ ನೀವು. ಮೀಸೆ ಮೂಡಿದಾಗಿನಿಂದ ಸ್ನೇಹಿತರು, 'ನಿಮ್ಮವರು' ಎಂಬ ಮಾತು ಅದುವರೆಗೆ ಇಬ್ಬರ ಬಾಯಲ್ಲೂ ಬಂದಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಇದಕ್ಕೇ. ಸದಾ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವ ನಮ್ಮ ಕಟ್ಟಡದ ಕಾರ್ಯದರ್ಶಿಗಳು ಅವತ್ತು ಅಡ್ಡಗೋಡೆಯನ್ನೇ ಕಟ್ಟಿಸಲು ಹೊರಟರು. ಹಾಲಿನ ನಡುವೆ ಹಲಗೆಯ ಗೋಡೆ ನಿಲ್ಲಿಸೋಣ ಎಂದು ಮರವನ್ನೂ ತರಿಸಿದರು. ಗೋಡೆ ಬೇಕಾದವರೇ ಮೊಳೆ ಹೊಡೆದುಕೊಳ್ಳಲಿ ಎಂದು ನೀವು ಉಳಿ, ಗರಗಸ ಚೀಲಕ್ಕೆ ತುಂಬಿಕೊಂಡು ಹೊರಟಿರಿ. ಮರ ಇವತ್ತಿಗೂ ಮೆಟ್ಟಿಲ ಕೆಳಗೆ ಬಿದ್ದಿದೆ, ಬೆಕ್ಕು ಅದರ ಮೇಲೆ ಸಂಸಾರ ಹೂಡಿದೆ.

ಈಗ ನಿನ್ನೆಯ ಕಥೆ ಕೇಳಿ. ಅಜ್ಜಿಗಾಗಿ ಎಲ್ಲ ಸೇರಿ ಪ್ರಾರ್ಥಿಸಬೇಕಾದ ಸಂಜೆ, ನಮ್ಮ ವರ್ಷದ ದೊಡ್ಡ ಪ್ರಾರ್ಥನೆಯ ಸಂಜೆ, ಎರಡೂ ನಿನ್ನೆಯೇ ಬಿದ್ದವು. ನಮ್ಮದನ್ನು ಬಿಡೋಣ, ಹಾಲು ಅವರಿಗಿರಲಿ ಎಂದು ನಾವು ನಾವೇ ಮಾತಾಡಿಕೊಂಡೆವು. ಸಾವಿನ ಮನೆಗೆ ಹೋಗಿ ಇದನ್ನೇನು ಕೇಳುವುದು ಎಂದು ಯಾರೂ ಅವರಿಗೆ ಹೇಳಲಿಲ್ಲ. ನಾಲ್ಕನೇ ಮಹಡಿಯ ನರ್ಸಮ್ಮ ಮತ್ತು ನಾನು ಇಳಿದು ಕುರ್ಚಿ ಹಾಕಿ ಬಂದೆವು. ಅತ್ತ ಅವರೂ ಹೀಗೇ ಯೋಚಿಸಿದ್ದಾರೆ. ವರ್ಷಕ್ಕೊಮ್ಮೆಯ ಪ್ರಾರ್ಥನೆ ನಮ್ಮಿಂದ ನಿಲ್ಲುವುದು ಬೇಡ, ನಮ್ಮದು ಮನೆಯಲ್ಲೇ ಆಗಲಿ ಎಂದು ಟೈಲರ್ ತಂಗಿಯರು ಇಳಿದು ಬಂದು, ಕುರ್ಚಿಗಳು ತಮ್ಮದೇ ಹಿಂದಿನ ಸಲದವು ಎಂದುಕೊಂಡು ಮಡಚಿಟ್ಟು ಚಾಪೆ ಹಾಸಿ ಹೋದರು. ಎಲ್ಲ ಸರಿಯಿದೆಯೇ ನೋಡೋಣವೆಂದು ನಾನು ಮತ್ತೆ ಇಳಿದರೆ ಚಾಪೆ! ನಮ್ಮವರೇ ಯಾರೋ ಮರೆವಿನವರು ಅಭ್ಯಾಸಬಲದಿಂದ ಹಾಸಿದ್ದಾರೆ ಎಂದು ಬೈದುಕೊಂಡು ಸುತ್ತಿಟ್ಟು ಮತ್ತೆ ಕುರ್ಚಿ ಹಾಕಿದೆವು. ಅವರು ಮತ್ತೆ ಬಂದು ತೆಗೆದರು. ನರ್ಸಮ್ಮನಿಗಂತೂ ಆಸ್ಪತ್ರೆಯಲ್ಲೂ ಇಷ್ಟು ಬೆವರು ಬಂದಿರಲಿಕ್ಕಿಲ್ಲ.

ಕೊನೆಗೆ ಎರಡು ಕುರ್ಚಿ ಹೊತ್ತು ನಾನು ಈ ಬಾಗಿಲಲ್ಲಿ, ಚಾಪೆಯ ಸುರುಳಿ ಅಪ್ಪಿಕೊಂಡು ಟೈಲರ್ ಆ ಬಾಗಿಲಲ್ಲಿ. ಅವರ ಕಣ್ಣು ಊದಿಕೊಂಡಿತ್ತು, ಗಡ್ಡ ಬೆಳೆದಿತ್ತು. "ಅತ್ತಿಗೆ, ಇವತ್ತು ನಿಮ್ಮ ದಿನ" ಎಂದರು. "ಇಲ್ಲ, ಅಜ್ಜಿ ದಿನ" ಎಂದೆ. ಇಬ್ಬರೂ ಒಬ್ಬರ ಕೈ ಒಬ್ಬರು ನೋಡಿಕೊಂಡೆವು. ಅವರಿಗೆ ನಗು ಬಂತು. ನಗುತ್ತಾ ನಗುತ್ತಾ ಚಾಪೆಯ ಸಮೇತ ಕುಸಿದು ಕೂತು ಅತ್ತರು, ಅಮ್ಮ ಹೋದ ದಿನವೂ ಅವರು ಹಾಗೆ ಅತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ನೀವಿದ್ದಿದ್ದರೆ ನೀವು ಸವರಬೇಕಾಗಿತ್ತು.

ಆಮೇಲೆ ಚಾಪೆಯನ್ನೂ ತೆಗೆಯಲಿಲ್ಲ, ಕುರ್ಚಿಯನ್ನೂ ತೆಗೆಯಲಿಲ್ಲ. ಮಂಡಿ ಗಟ್ಟಿಯಿದ್ದವರು ಕೆಳಗೆ, ಇಲ್ಲದವರು ಮೇಲೆ ಕೂತರು. ನಮ್ಮ ಕಡೆಯಲ್ಲೂ ಮಂಡಿ ಹೋದವರು ಇಷ್ಟು ಜನ ಇದ್ದಾರೆಂದು ನನಗೆ ನಿನ್ನೆಯೇ ಗೊತ್ತಾದದ್ದು, ಪಾಪ, ಇಷ್ಟು ವರ್ಷ ಹಲ್ಲುಕಚ್ಚಿ ಕೂರುತ್ತಿದ್ದರು. ಮೊದಲು ಅವರ ಪ್ರಾರ್ಥನೆ, ಆಮೇಲೆ ನಮ್ಮದು. ಎರಡರಲ್ಲೂ ಅಜ್ಜಿಯ ಹೆಸರು ಹೇಳಿದೆವು. ಕಾರ್ಯದರ್ಶಿಗಳು ಹೊರಡುವಾಗ ಗೋಡೆಯ ಮಾತು ತೆಗೆದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಣ್ಣಿಗೆ ಬರಲಾಗಲಿಲ್ಲ ಎಂದು ನೀವು ಕೊರಗುತ್ತೀರಿ. ಕೊರಗಬೇಕಾದದ್ದೇ, ನಾನು ಸುಮ್ಮನೆ ಸಮಾಧಾನ ಹೇಳುವುದಿಲ್ಲ. ಆದರೆ ಅಜ್ಜಿಗೆ ನಿಮ್ಮ ಮೇಲೆ ಕೂದಲೆಳೆಯಷ್ಟೂ ಬೇಸರ ಇರಲಿಲ್ಲ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಗಳಿಗೆ, ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸಿ. ಕಷಾಯ ಬಿಡಬೇಡಿ, ಕಿವಿಗೆ ಗಾಳಿ ತಗುಲದಂತೆ ನೋಡಿಕೊಳ್ಳಿ.

ಇಂತಿ,
ನಿಮ್ಮ ಮನೆಯವಳು

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಟೈಲರ್ ಬಾಗಿಲು ತಟ್ಟಿದರು. ಅಜ್ಜಿಯ ಹೊದಿಕೆಗಳನ್ನು ಕತ್ತರಿಸಿ ಆರು ಮೆತ್ತೆ ಹೊಲಿದು ತಂದಿದ್ದಾರೆ. ಗೋಡೆಗೆ ತಂದ ಮರದಲ್ಲಿ ನೀವು ಹಾಲಿಗೆ ಬೆಂಚು ಮಾಡಬೇಕಂತೆ, ಎಲ್ಲ ಮಂಡಿಗಳಿಗೂ. ಎತ್ತರ ಎಷ್ಟಿರಲಿ ಎಂದು ಕೇಳಿದ್ದಕ್ಕೆ, "ಅದನ್ನ ನಾನು ಹೇಳೋದು ಬೇಡ ಅತ್ತಿಗೆ. ಅಮ್ಮನ ಕಾಲಿನ ಅಳತೆ ಅಣ್ಣನಿಗೆ ಗೊತ್ತು" ಎಂದರು. ಅಲ್ಲ, ಬೆಂಚು ಹುಟ್ಟುವ ಮೊದಲೇ ಮೆತ್ತೆ ಹೊಲಿಯುವುದು ಎಲ್ಲಾದರೂ ಉಂಟೇ? ಅವರನ್ನು ಬೈಯುವುದಕ್ಕಾದರೂ ಬನ್ನಿ.