ಚೀಟಿ ತೊಳೆದ ಬಾಟಲಿಗಳು

ಯಲವಿಗಿ ಸ್ಟೇಷನ್
೧೮ ಮೇ ೧೯೪೧, ಬೆಳಿಗ್ಗೆ

ಚಿ. ಕುಮುದಿನಿಯ ತಂದೆಯವರಿಗೆ,

ನಮಸ್ಕಾರಗಳು. ನೀವು ಎದ್ದು ಮುಖ ತೊಳೆಯುವ ಹೊತ್ತಿಗೆ ಇದು ನಿಮ್ಮ ಕೈ ಸೇರಬಹುದು. ಯುದ್ಧ ಶುರುವಾದ ಮೇಲೆ ಹಾನಗಲ್ಲಿನಲ್ಲೇ ಒಳ್ಳೆಯ ಕಾಗದ ಸಿಗುತ್ತಿಲ್ಲ, ಈ ಸ್ಟೇಷನ್ನಿನಲ್ಲಿ ಸಿಗುವುದು ದೂರದ ಮಾತು. ಹೋದ ತಿಂಗಳು ನೀವು ನನಗೆ ಬರೆದ ಕಾಗದದ ಹಿಂಬದಿಯಲ್ಲೇ ಬರೆಯುತ್ತಿದ್ದೇನೆ. ವಕೀಲರ ಹಾಳೆ ದೊಡ್ಡದು, ಸಾಲುತ್ತದೆ. ನಿಮ್ಮ ಶಾಯಿ ಅಲ್ಲಲ್ಲಿ ಈ ಬದಿಗೂ ಇಣುಕಿದೆ. ಅದನ್ನು ತಪ್ಪಿಸಿ ಬರೆಯುವುದು ಸ್ವಲ್ಪ ಕಷ್ಟ.

ಆ ಬದಿಯಲ್ಲಿ ನೀವು ಬರೆದದ್ದು ನನಗೆ ಬಾಯಿಪಾಠವಾಗಿದೆ. ಹತ್ತಿ ಗಿರಣಿಯ ಮ್ಯಾನೇಜರ ಸಾಹೇಬರು ಸವಣೂರಿನ ಮನೆಗೆ ಊಟಕ್ಕೆ ಬರುತ್ತಾರೆ. ಗಿರಣಿಯ ವಕೀಲಿ ಕೊಡುವುದು ಅವರ ಕೈಯಲ್ಲಿದೆ. ಅವರಿಗೆ ಸಮುದ್ರದ ಮೀನೆಂದರೆ ಪ್ರಾಣ. ಆದ್ದರಿಂದ ನಾನು ಬಂದು ಅಡುಗೆ ಮಾಡಬೇಕು, ಯಾವುದರ ಜೊತೆ ಯಾವ ವೈನ್ ಎಂಬುದನ್ನೂ ಆರಿಸಿಕೊಡಬೇಕು. ಊಟ ಚೆನ್ನಾಗಿ ನಡೆದರೆ ಕುಮುದಿನಿಯನ್ನು ನನ್ನ ಜೊತೆ ಕಳಿಸುತ್ತೀರಿ, ನಾನು ಅವಳನ್ನು ಧಾರವಾಡದಲ್ಲಿಟ್ಟು ಓದಿಸಲು ನಿಮ್ಮ ಅಡ್ಡಿಯಿಲ್ಲ. ಈ ಕೊನೆಯ ಮಾತಿಗಾಗಿಯೇ ನಾನು ಎರಡು ವರ್ಷ ಹಾನಗಲ್ಲಿನ ಅಕ್ಕನ ಮನೆಯಲ್ಲಿ ಕಾದಿದ್ದೆ. ಅದಕ್ಕೂ ಮೊದಲು ಬಂದ ನಿಮ್ಮ ನೋಟೀಸಿನಲ್ಲಿ ಬೇರೆ ಮಾತಿತ್ತು. ತಾಯಿಗೆ ಕುಡಿಯುವ ಚಟವಿರುವುದರಿಂದ ಮಗಳನ್ನು ಆಕೆಯ ವಶಕ್ಕೆ ಕೊಡಲಾಗದು ಎಂದು.

ಚಟ ಎಂಬ ಶಬ್ದದ ಮೇಲೆ ನಾನು ಸಿಟ್ಟಾಗಲಿಲ್ಲ, ಅದನ್ನು ತಿರುಗಿಸಿ ಮುರುಗಿಸಿ ನೋಡಿದೆ. ಮುಂಬಯಿಯ ಬಾಡಿಗೆ ಖೋಲಿಯ ಗ್ಯಾಲರಿಯಲ್ಲಿ ನೀವು ಹುರಿದ ಬಂಗಡೆಯ ಪಕ್ಕದಲ್ಲಿ ಗ್ಲಾಸು ಇಟ್ಟು, ಕಣ್ಣು ಮುಚ್ಚಿ ಹೇಳು, ನಾಲಿಗೆಯ ಯಾವ ಅಂಚಿಗೆ ತಾಗಿತು ಎಂದು ಕೇಳುತ್ತಿದ್ದಿರಿ. ನಾನು ಹೇಳುತ್ತಿದ್ದೆ. ನೀವು ನಗುತ್ತಿದ್ದಿರಿ. ಅದನ್ನು ನಾನು ಪಾಠವೆಂದುಕೊಂಡಿದ್ದೆ.

ಆ ಪಾಠದಿಂದಲೇ ಆರಿಸಿ ಬರೆದು ಕಳಿಸಿದೆ. ಸಿಗಡಿಗೂ ಇಸೋಣ ಮೀನಿನ ಸಾರಿಗೂ ಸಿಹಿಯಿಲ್ಲದ ಬಿಳಿ ವೈನ್. ಕೊನೆಯಲ್ಲಿ ಪಾಯಸಕ್ಕೆ ಸಿಹಿ ಬಿಳಿ. ಕೆಂಪು ಬೇಡ, ಮೀನಿನ ಜೊತೆ ಅದು ತುಕ್ಕು ನೆಕ್ಕಿದ ಹಾಗಾಗುತ್ತದೆ. ನೀವು ಹುಬ್ಬಳ್ಳಿಯಿಂದ ಮೂರನ್ನೂ ತಂದಿರಿ. ಕೆಂಪು ಇಲ್ಲದ ಮೇಜು ಬಡವರ ಮೇಜು ಎಂದಿರಿ. ಇರಲಿ.

ಮುಂದಿನದು ನಿಮಗೆ ಗೊತ್ತಿರುವುದೇ. ಆದರೆ ನೀವು ಮೇಜಿನ ಆ ಬದಿಯಲ್ಲಿದ್ದಿರಿ, ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಅಲ್ಲಿಂದ ಕಂಡದ್ದನ್ನು ಬರೆಯುತ್ತೇನೆ.

ಅಣ್ಣ ಅಂಕೋಲೆಯಿಂದ ಮಂಜುಗಡ್ಡೆಯಲ್ಲಿ ಹುಗಿದು ಕಳಿಸಿದ ಮೀನಿನ ಪೆಟ್ಟಿಗೆ ನಿನ್ನೆ ಮಧ್ಯಾಹ್ನ ಶಿಗ್ಗಾವಿಯ ಮೋಟಾರಿನಲ್ಲಿ ಬಂತು. ಗಡ್ಡೆಯೆಲ್ಲ ಕರಗಿತ್ತು, ಮೀನಿನ ಕಣ್ಣು ಇನ್ನೂ ತಿಳಿಯಾಗಿತ್ತು. ವೈನ್ ತಂಪಿಡಲು ಮಂಜು ಉಳಿಯಲಿಲ್ಲವಾದ್ದರಿಂದ ಬಾಟಲಿಗಳನ್ನು ಬುಟ್ಟಿಯಲ್ಲಿಟ್ಟು ಬಾವಿಗೆ ಇಳಿಬಿಡಲು ನಿಮ್ಮ ಆಳು ಹನುಮಂತಪ್ಪನಿಗೆ ಹೇಳಿದೆ. ಸಂಜೆ ಅವನು ಮೂರನ್ನೂ ಮಗುವನ್ನು ಮೀಯಿಸಿ ತಂದವನ ಹಾಗೆ ತಂದು ನಿಲ್ಲಿಸಿದ. ಒಂದರ ಮೇಲೂ ಹೆಸರಿನ ಚೀಟಿಯಿಲ್ಲ.

"ಚೀಟಿ ನೆನದು ಕೆಸರ ಆಗಿದ್ವು ಅವ್ವಾರ. ಸಾಹೇಬ್ರ ಮುಂದ ಹಂಗ ಇಡಾಕ ಬರ್ತದೇನ್ರಿ? ಬೂದಿ ಹಚ್ಚಿ ತಿಕ್ಕೇನಿ. ನೋಡ್ರಿ, ಕನ್ನಡಿ ಆಗ್ಯಾವು!"

ಅವನನ್ನು ಬೈಯುವುದಕ್ಕೆ ಬಾಯಿ ಬರಲಿಲ್ಲ. ತಿಕ್ಕಿ ತೊಳೆಯುವುದರಲ್ಲೇ ಬೆಳೆದ ಕೈ ಅದು. ಕಂದೀಲಿಗೆ ಹಿಡಿದು ನೋಡಿದರೆ ಕೆಂಪು ಯಾವುದೆಂದು ತಿಳಿಯಿತು. ಉಳಿದೆರಡು ಹಸಿರು ಗಾಜಿನೊಳಗೆ ಅವಳಿ ಮಕ್ಕಳ ಹಾಗಿದ್ದವು. ಸಿಹಿಯದು ಸಿಗಡಿಯ ಜೊತೆ ಹೋದರೆ ಅಡುಗೆ ಕೆಟ್ಟಿತೆಂದೇ ಸಾಹೇಬರು ತಿಳಿಯುತ್ತಾರೆ. ನಿಮಗೆ ಹೇಳಿದೆ. ನೀವು ಗಾಬರಿಯಾಗಲಿಲ್ಲ. ಅದನ್ನು ಕಂಡು ನನಗೆ ಆಶ್ಚರ್ಯವಾಯಿತು.

ಆಮೇಲೆ ಮಹಾಲಿಂಗಪ್ಪ ವಕೀಲರು ಬಂದರು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಸಾಹೇಬರಿಗೆಂದು ಮಲ್ಲಿಗೆಯ ಮಾಲೆ. ಮೀನು ಮುಟ್ಟದ, ವೈನ್ ಮೂಸದ ಮನುಷ್ಯರನ್ನು ಮೀನಿನೂಟಕ್ಕೆ ಯಾಕೆ ಕರೆದಿದ್ದೀರಿ ಎಂದು ಯೋಚಿಸುತ್ತ ಅವರಿಗಾಗಿ ಬೇರೆ ಒಲೆಯ ಮೇಲೆ ಅವಲಕ್ಕಿ ಒಗ್ಗರಣೆ ಹಾಕಿದೆ.

ಸಿಗಡಿಯ ತಟ್ಟೆ ಮೇಜಿಗೆ ಹೋಯಿತು. ಎರಡು ಬಾಟಲಿಗಳ ಬಿರಡೆ ತೆಗೆದಿರಿ. ಸಾಹೇಬರು ಯಾವುದು ಯಾವುದೆಂದು ಕೇಳಿದರು. ಆಗ ನೀವು ಅವರ ಕಡೆ ನೋಡಲಿಲ್ಲ, ಮಹಾಲಿಂಗಪ್ಪನವರ ಕಡೆ ನೋಡಿದಿರಿ.

"ಆಕಿ ಒಂದೊಂದು ಗುಟುಕು ಕುಡದು ಹೇಳ್ತಾಳ. ಮುಂಬೈದಾಗ ಭಾಳ ರೂಢಿ ಇತ್ತು ಆಕಿಗೆ. ಬಾ, ಸಂಕೋಚ ಯಾಕ?"

ಮಹಾಲಿಂಗಪ್ಪನವರ ಚಮಚ ಅವಲಕ್ಕಿಯ ಮೇಲೆ ನಿಂತಿತು. ಅವರನ್ನು ಯಾಕೆ ಕರೆದಿರಿ ಎಂಬುದು ನನಗೆ ಆಗ ತಿಳಿಯಿತು. ಕುಡಿದರೆ ನಾಳೆ ಕೋರ್ಟಿನಲ್ಲಿ ಒಬ್ಬ ಮರ್ಯಾದಸ್ಥ ಸಾಕ್ಷಿ. ಕುಡಿಯದೆ ತಪ್ಪು ಬಾಟಲಿ ತೋರಿಸಿದರೆ ಊಟ ಕೆಟ್ಟಿತು, ನಿಮ್ಮ ಮಾತೂ ಬಿತ್ತು. ಎರಡೂ ಕಡೆ ಕುಮುದಿನಿ ನಿಮ್ಮ ಹತ್ತಿರವೇ ಉಳಿಯುತ್ತಾಳೆ. ಅವಳು ಬಾಗಿಲ ಹಿಂದೆ ನನ್ನ ಸೆರಗು ಹಿಡಿದು ನಿಂತಿದ್ದಳು. ಅದು ನಿಮಗೆ ಕಾಣಲಿಲ್ಲ.

ನಾನು ಬಂದೆ. ಎರಡು ಬಾಟಲಿಗಳಿಂದ ಒಂದೊಂದು ಹನಿಯನ್ನು ಬೇರೆ ಬೇರೆ ಕೈಯ ಬೆರಳಿಗೆ ಹಾಕಿಕೊಂಡೆ. ಹೆಬ್ಬೆರಳು ತೋರುಬೆರಳು ಸೇರಿಸಿ ಬಿಡಿಸಿದೆ. ಬೆಲ್ಲದ ಪಾಕಕ್ಕೆ ಎಳೆ ಬಂತೇ ಎಂದು ನೋಡುವ ಹಾಗೆ. ಎಡಗೈಯದು ನೀರಿನ ಹಾಗೆ ಹರಿದು ಹೋಯಿತು. ಬಲಗೈಯದನ್ನು ಊದಿ ಆರಿಸಿದೆ, ಬೆರಳು ಬೆರಳಿಗೆ ಅಂಟಿತು. ಎಡದ್ದು ಸಿಗಡಿಗೆ, ಬಲದ್ದು ಪಾಯಸಕ್ಕೆ ಎಂದು ಹೇಳಿ, ಮೇಜಿನ ಮೇಲಿದ್ದ ಹಸಿ ಬಟ್ಟೆಗೆ ಎರಡೂ ಕೈ ಒರೆಸಿ ಒಳಗೆ ಹೋದೆ.

ಸಾಹೇಬರು ಮೊದಲ ಗುಟುಕಿನ ಮೇಲೆ ಸಿಗಡಿ ತಿಂದು ಏನೋ ಹೇಳಿ ನಕ್ಕರು. ಮೂರು ಸಲ ಕೇಳಿ ಹಾಕಿಸಿಕೊಂಡರು. ನೀವು ಮಾತ್ರ ಕೆಂಪನ್ನು ತೆರೆದು ನಿಮ್ಮ ಗ್ಲಾಸು ತುಂಬಿಕೊಂಡಿರಿ. ಇಸೋಣದ ತುಂಡಿನ ಮೇಲೆ ಅದನ್ನು ಕುಡಿದಾಗ ನಿಮ್ಮ ಮುಖ ನೋಡಿ ಮಹಾಲಿಂಗಪ್ಪನವರು ಅಂದದ್ದು ಅಡುಗೆಮನೆಗೂ ಕೇಳಿತು.

"ಯಾಕ್ರೀ ವಕೀಲರ, ಕೀಲಿಕೈ ನುಂಗಿದಂಗ ಮಾರಿ ಮಾಡೀರಿ?"

ಗಿರಣಿಯ ವಕೀಲಿ ನಿಮ್ಮದೇ ಎಂದು ಸಾಹೇಬರು ಹೊಸ್ತಿಲ ಮೇಲೆ ಕೈ ಕುಲುಕಿ ಹೇಳಿದರು. ಅಭಿನಂದನೆಗಳು. ಸಾಹೇಬರು ಹೋದ ಮೇಲೆ ನಾನು ಮಗಳ ಟ್ರಂಕು ತೆಗೆದೆ. ನೀವು ಉಳಿದ ಕೆಂಪನ್ನು ಮುಗಿಸುತ್ತ, ಈ ವರ್ಷ ಬ್ಯಾಡ, ಮುಂದಿನ ವರ್ಷ ನೋಡೋಣು ಅಂದಿರಿ. ನಾನು ಟ್ರಂಕನ್ನು ಮುಚ್ಚಿದೆ. ತುಂಬಿದ ಮೇಲೆ ಮುಚ್ಚಿದೆನೇ, ಖಾಲಿ ಮುಚ್ಚಿದೆನೇ ಎಂದು ನೀವು ನೋಡಲಿಲ್ಲ.

ಬೆಳಗಿನ ಜಾವ, ನೀವು ಏಳುವ ಮೊದಲು, ಕುಮುದಿನಿಯೂ ನಾನೂ ಹೊರಗೆ ಬಂದಾಗ ಮಹಾಲಿಂಗಪ್ಪನವರ ಟಾಂಗಾ ಬಾಗಿಲಲ್ಲಿತ್ತು. ನಾನು ಹೇಳಿ ಕಳಿಸಿರಲಿಲ್ಲ. ಕುಮುದಿನಿ ರಾತ್ರಿ ಅವರು ಹೊರಡುವಾಗ, ಸಾಹೇಬರು ಬಿಟ್ಟುಹೋದ ಮಲ್ಲಿಗೆಯ ಮಾಲೆ ಮುಡಿಸಿಕೊಳ್ಳುವ ನೆಪದಲ್ಲಿ ಅವರಿಗೆ ಏನು ಹೇಳಿದಳೋ, ಅದು ಅವರಿಬ್ಬರ ನಡುವಿನದು. ಮಹಾಲಿಂಗಪ್ಪನವರು ತಾವೇ ಜೊತೆಗೆ ಬಂದರು. ಸ್ಟೇಷನ್ನು ಕಾಣುವಾಗ ಅಂದರು: "ನನ್ನ ಸಾಕ್ಷಿಗಂತ ಕರದಿದ್ರು, ಅಕ್ಕಾರ. ನಾ ಕಂಡದ್ದು ಹೇಳೇ ಹೇಳ್ತೇನಿ. ನೀವು ಹನಿ ಸುದ್ದಾ ನಾಲಿಗಿಗೆ ಹಚ್ಚಿಲ್ಲ. ಎಲ್ಲಿ ಬೇಕು ಅಲ್ಲಿ ಹೇಳ್ತೇನಿ."

ಈ ಕಾಗದ ಅದೇ ಟಾಂಗಾದಲ್ಲಿ ನಿಮಗೆ ಬರುತ್ತದೆ. ಧಾರವಾಡದ ವಿಳಾಸವನ್ನು ಶಾಲೆಯಲ್ಲಿ ಮಗಳ ಹೆಸರು ಹಚ್ಚಿದ ಮೇಲೆ ಬರೆಯುತ್ತೇನೆ. ರಜೆಯಲ್ಲಿ ಮಗಳನ್ನು ನೋಡಲು ಬನ್ನಿ, ತಡೆಯುವುದಿಲ್ಲ. ಹನುಮಂತಪ್ಪನನ್ನು ಬೈಯಬೇಡಿ.

ಇಂತು,
ಕುಮುದಿನಿಯ ತಾಯಿ
ಮುಕ್ತಾಬಾಯಿ

ತಾ.ಕ.: ಗಾಡಿ ತಡವಾಗಿದೆ, ಟಾಂಗಾ ಇನ್ನೂ ಹೊರಟಿಲ್ಲ. ಸಿಗಡಿಯ ಬಾಟಲಿಯಲ್ಲಿ ಸ್ವಲ್ಪ ಉಳಿದಿತ್ತು, ಕಟ್ಟಿ ತಂದಿದ್ದೆ. ಮಗಳು ಬೆಂಚಿನ ಮೇಲೆ ನಿದ್ದೆ ಹೋದ ಮೇಲೆ ತಣ್ಣಗಾದ ಎರಡು ಸಿಗಡಿಯ ಜೊತೆ ಹಿತ್ತಾಳೆಯ ಲೋಟದಲ್ಲಿ ಕುಡಿದೆ. ನಾಲಿಗೆಯ ಎರಡೂ ಅಂಚಿಗೆ ತಾಗಿತು. ನೀವು ಕಲಿಸಿದ್ದು ಸರಿಯಾಗಿತ್ತು. ಇದನ್ನು ನನ್ನ ಕೈಯಿಂದಲೇ ಬರೆದು ಸಹಿ ಮಾಡಿದ್ದೇನೆ, ಕೋರ್ಟಿನಲ್ಲಿ ತೋರಿಸಬಹುದು. ತೋರಿಸುವಾಗ ನ್ಯಾಯಾಧೀಶರು ಹಾಳೆಯನ್ನು ತಿರುವಿ ನಿಮ್ಮ ಬದಿಯನ್ನೂ ಓದುತ್ತಾರೆ.

ಮು.